ಮುಚ್ಚಳ ತೆರೆಯುವ ಅಧಿಕಾರ

ಗೋಡೆಯ ಮೇಲಿನ ಟಿ.ವಿ. ಇದ್ದಕ್ಕಿದ್ದಂತೆ ಕತ್ತಲಾಯಿತೆಂದು ದೂರು ಕೊಟ್ಟು, ಕಾದು, ಮತ್ತೊಮ್ಮೆ ಜ್ಞಾಪಿಸಿದ ಮೇಲೆ ಮನೆಗೆ ಬರುವ ಸರ್ವಿಸ್ ಸೆಂಟರಿನ ಹುಡುಗನು, ಹೆಗಲ ಚೀಲವನ್ನು ಕೆಳಗಿಳಿಸುವುದಕ್ಕೆ ಮುಂಚೆಯೇ ರಿಮೋಟಿನ ಗುಂಡಿಯನ್ನು ಎರಡು ಸಲ ಒತ್ತಿನೋಡಿ, 'ಪ್ಯಾನೆಲ್ ಹೋಗಿದೆ ಸಾರ್, ಇದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಂಡ್ಬಿಡಿ' ಎಂದು ತೀರ್ಪಿತ್ತು ಹೊರಟುಹೋಗುವುದು ಈಗ ನಮ್ಮ ನಾಡಿನ ಮನೆಗಳಲ್ಲಿ ನಿತ್ಯಸಾಮಾನ್ಯವಾದ ವ್ಯವಹಾರವಾಗಿದೆ. ನಾಡಿ ಹಿಡಿಯದೆಯೇ ಮರಣಪತ್ರ ಬರೆಯುವ ವೈದ್ಯನನ್ನು ನಾವು ಊರಿನಿಂದ ಅಟ್ಟುತ್ತಿದ್ದೆವು. ಇವನಿಗಾದರೊ ತಪಾಸಣೆಯ ಶುಲ್ಕವನ್ನೂ ಕೊಟ್ಟು ಕಾಫಿಯನ್ನೂ ಕುಡಿಸಿ ಕಳುಹಿಸುತ್ತೇವೆ. ಆದರೆ ಆ ಹುಡುಗನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಅವನ ಕೈಯಲ್ಲಿ ಆ ಪೆಟ್ಟಿಗೆಯ ಸರ್ಕೀಟಿನ ನಕ್ಷೆಯಿಲ್ಲ, ಬಿಡಿಭಾಗಗಳಿಲ್ಲ, ಇರುವುದು ಇಡೀ ಬೋರ್ಡಿಗೆ ಎಷ್ಟು, ಇಡೀ ಪ್ಯಾನೆಲ್ಲಿಗೆ ಎಷ್ಟು ಎಂಬ ದರಪಟ್ಟಿಯೊಂದೇ. ಮನೆಯ ಟಿ.ವಿ.ಯಾಗಲಿ ಕಂಪ್ಯೂಟರಾಗಲಿ ಕೆಡುವುದು ಬಹುಪಾಲು ಕ್ಷುದ್ರವಾದ, ತಿಳಿಯಬಹುದಾದ, ಸ್ವಲ್ಪ ಹಣದಲ್ಲಿ ಸರಿಪಡಿಸಬಹುದಾದ ಕಾರಣಗಳಿಂದ. ಆ ಕಾರಣಗಳನ್ನು ತಿಳಿಯುವ ದಾರಿಯನ್ನು ನಮಗೆ ಮುಚ್ಚಿರುವುದು ಯಂತ್ರದ ಸ್ವಭಾವವಲ್ಲ, ವ್ಯಾಪಾರದ ಅನುಕೂಲ. ಆದುದರಿಂದ ಅದನ್ನು ತೆರೆಯಿಸುವುದು ಸರ್ಕಾರದ ಕರ್ತವ್ಯ ಎಂಬುದು ನನ್ನ ಅಭಿಪ್ರಾಯ.

ದೂರದರ್ಶನವು ಕನ್ನಡದ ಹಳ್ಳಿಗಳಿಗೆ ಮೊದಲು ಕಾಲಿಟ್ಟದ್ದು ದುರಸ್ತಿಯ ಚಿಂತೆಯನ್ನು ಜೊತೆಗಿಟ್ಟುಕೊಂಡೇ ಎಂಬುದನ್ನು ಇಂದು ನೆನೆಯುವವರು ವಿರಳ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಇಸ್ರೊ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಸಿದ 'ಸೈಟ್' ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಗ್ರಾಮಗಳೂ ಸೇರಿದ್ದವು. ಕೋಳಿಗೂಡಿಗೆ ಕಟ್ಟುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಹೈದರಾಬಾದಿನ ಇ.ಸಿ.ಐ.ಎಲ್.ನಲ್ಲಿ ತಯಾರಾದ ಸೆಟ್ಟು, ಬಿಸಿಲು, ಧೂಳು, ಏರಿಳಿಯುವ ವಿದ್ಯುತ್ತು, ಮುಟ್ಟಿನೋಡುವ ಕುತೂಹಲದ ಮಕ್ಕಳು. ಇಂಥ ಸನ್ನಿವೇಶದಲ್ಲಿ ಯಂತ್ರವು ಕೆಟ್ಟೇ ಕೆಡುವುದೆಂದು ಮೊದಲೇ ಊಹಿಸಿ, ಅದನ್ನು ಸರಿಪಡಿಸುವ ತಂತ್ರಜ್ಞರು, ಅವರಿಗೆ ಬೇಕಾದ ಬಿಡಿಭಾಗಗಳು, ಊರಿಂದೂರಿಗೆ ಹೋಗಲು ವಾಹನ, ಇವಿಷ್ಟನ್ನೂ ಯೋಜನೆಯ ಅಂಗವನ್ನಾಗಿಯೇ ಏರ್ಪಡಿಸಿದ್ದರು. ಯಂತ್ರವನ್ನು ಕೊಡುವವನು ಅದರ ಆರೋಗ್ಯದ ಹೊಣೆಯನ್ನೂ ಹೊರತಕ್ಕದ್ದೆಂಬ ಭಾವನೆ ಅಂದು ಸಹಜವಾಗಿತ್ತು.

1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವು ಆರಂಭವಾದ ಮೇಲೆ, ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ಪಿಕ್ಚರ್ ಟ್ಯೂಬುಗಳು ತಯಾರಾಗುತ್ತಿದ್ದ ಆ ದಿನಗಳಲ್ಲಿ, ತಾಲ್ಲೂಕಿನ ಪೇಟೆಗೊಂದಾದರೂ 'ರೇಡಿಯೊ-ಟಿ.ವಿ. ರಿಪೇರಿ' ಎಂಬ ಫಲಕದ ಅಂಗಡಿಯಿರುತ್ತಿತ್ತು; ಐ.ಟಿ.ಐ.ಯಲ್ಲಿ ರೇಡಿಯೊ-ಟಿ.ವಿ. ಮೆಕ್ಯಾನಿಕ್ ತರಬೇತಿ ಪಡೆದ ಯುವಕನೊಬ್ಬನು ಅಲ್ಲಿ ಅರ್ಧ ಬಿಚ್ಚಿದ ಸೆಟ್ಟುಗಳ ನಡುವೆ ಸೋಲ್ಡರಿಂಗ್ ಐರನ್ ಹಿಡಿದು ಕುಳಿತಿರುತ್ತಿದ್ದನು. ಅವನ ವಿದ್ಯೆಗೆ ಆಧಾರವಾಗಿದ್ದುದು ಕಾಗದದ ಮೇಲಿನ ಸರ್ಕೀಟ್ ನಕ್ಷೆ. ಅದು ಅನೇಕ ಸೆಟ್ಟುಗಳ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಅಂಟಿಸಿರುತ್ತಿತ್ತು, ಇಲ್ಲವೆ ಕೊಳ್ಳುವಾಗ ಕೊಟ್ಟ ಪುಸ್ತಿಕೆಯ ಕೊನೆಯ ಪುಟದಲ್ಲಿ ಮಡಿಸಿಟ್ಟಿರುತ್ತಿತ್ತು. ಚಿತ್ರ ಅಡ್ಡಲಾಗಿ ಒಂದೇ ಗೆರೆಯಾಗಿ ಕುಗ್ಗಿದರೆ ಲಂಬ ದಿಕ್ಕಿನ ಸರ್ಕೀಟು ಕೆಟ್ಟಿದೆಯೆಂದೂ, ಧ್ವನಿಯಿದ್ದು ಚಿತ್ರವಿಲ್ಲದಿದ್ದರೆ ಇಂತಿಂಥ ಕಡೆ ನೋಡಬೇಕೆಂದೂ ಅವನು ತರ್ಕಿಸಿ ಹೇಳಬಲ್ಲವನಾಗಿದ್ದನು. ಪೆಟ್ಟಿಗೆಯ ಪಕ್ಕಕ್ಕೊಂದು ಗುದ್ದು ಕೊಟ್ಟೊಡನೆ ಚಿತ್ರ ನೆಟ್ಟಗಾಗುತ್ತಿದ್ದುದಕ್ಕೂ ಕಾರಣವಿತ್ತು: ಬೆಸುಗೆ ಬಿರಿದು ಸಡಿಲವಾದ ಸಂದು ಆ ಅಲುಗಾಟಕ್ಕೆ ಕ್ಷಣಕಾಲ ಕೂಡಿಕೊಳ್ಳುತ್ತಿತ್ತು. ದಂಡದಿಂದಲೇ ವಿದ್ಯೆಯೆಂಬ ಹಳೆಯ ಮೇಷ್ಟರ ನಂಬಿಕೆ ಮಕ್ಕಳ ವಿಷಯದಲ್ಲಿ ಎಷ್ಟು ಸುಳ್ಳೊ, ಹಳೆಯ ಟಿ.ವಿ.ಯ ವಿಷಯದಲ್ಲಿ ಸ್ವಲ್ಪಮಟ್ಟಿಗೆ ನಿಜವಾಗಿತ್ತೆನ್ನಬೇಕು.

ಇಂದಿನ ಪೆಟ್ಟಿಗೆಗಳು ಏತರಿಂದ ಕೆಡುತ್ತವೆಂಬುದನ್ನು ವಿಚಾರಿಸಿದರೆ, ಅಲ್ಲಿ ದೇವರಹಸ್ಯವೇನೂ ಇಲ್ಲವೆಂಬುದು ತಿಳಿಯುತ್ತದೆ. ಟಿ.ವಿ., ಸೆಟ್‌ಟಾಪ್ ಬಾಕ್ಸು, ಮಾನಿಟರು, ವೈಫೈ ರೌಟರು, ಇವೆಲ್ಲವುಗಳಲ್ಲಿಯೂ ಬಹುಶಃ ಮೊದಲು ಸೋಲುವ ಅಂಗವೆಂದರೆ ಗೋಡೆಯಿಂದ ಬಂದ ವಿದ್ಯುತ್ತನ್ನು ಹದಗೊಳಿಸಿ ಒಳಗಿನ ಸೂಕ್ಷ್ಮಾಂಗಗಳಿಗೆ ಉಣಿಸುವ ಪವರ್ ಸಪ್ಲೈ. ಅದರೊಳಗೆ ಬಹುಮಟ್ಟಿಗೆ ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಎಂಬ, ಹೊಟ್ಟೆಯಲ್ಲಿ ದ್ರವವನ್ನಿಟ್ಟುಕೊಂಡ, ಕಿರುಬೆರಳ ಗಾತ್ರದ ಅಲ್ಯೂಮಿನಿಯಂ ಡಬ್ಬಿ. ಉಷ್ಣತೆಯು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರೆಲ್ಲ ಒಪ್ಪುವ ಸ್ಥೂಲನಿಯಮ. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ಕಲಬುರಗಿ-ರಾಯಚೂರುಗಳ ಸೀಮೆಯಲ್ಲಿ, ಗಾಜಿನ ಬಾಗಿಲ ಶೋಕೇಸಿನೊಳಗೆ, ಮೇಲೊಂದು ಕ್ರೋಶಾದ ಹೊದಿಕೆಯನ್ನೂ ಹೊದಿಸಿ ಸೆಟ್‌ಟಾಪ್ ಬಾಕ್ಸನ್ನು ಇಡುವ ಗೃಹಾಲಂಕಾರವು ಆ ಡಬ್ಬಿಗೆ ಎಂಥ ಗತಿಯನ್ನು ತರುವುದೆಂದು ಬೇರೆ ಹೇಳಬೇಕಾಗಿಲ್ಲ. ಕೆಟ್ಟ ಕೆಪ್ಯಾಸಿಟರು ಅನೇಕ ವೇಳೆ ತನ್ನ ರೋಗವನ್ನು ತಾನೇ ಸಾರುತ್ತದೆ. ಚಪ್ಪಟೆಯಾಗಿರಬೇಕಾದ ಅದರ ನೆತ್ತಿ ಉಬ್ಬಿಕೊಂಡಿರುತ್ತದೆ. ಟಿ.ವಿ. ಹಚ್ಚಿದರೆ ಕೆಂಪು ದೀಪ ಮಿನುಗಿ ಮಿನುಗಿ ನಿಲ್ಲುವುದು, ಚಳಿಗಾಲದ ಬೆಳಗ್ಗೆ ಮಾತ್ರ ಹೊತ್ತಿಕೊಳ್ಳದೆ ಸತಾಯಿಸುವುದು, ಇವೆಲ್ಲ ಆ ಡಬ್ಬಿಯ ವೃದ್ಧಾಪ್ಯದ ಲಕ್ಷಣಗಳಾಗಿರಬಹುದು. ಅದರ ಬೆಲೆ ಒಂದು ಮಸಾಲೆದೋಸೆಯ ಬೆಲೆಯನ್ನು ಮುಟ್ಟುವುದೂ ಅಪರೂಪ.

ಕೆಲವು ಅಪಘಾತಗಳು ಹೊರಗಿನಿಂದ ಬರುತ್ತವೆ. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿಯಿತೆಂದರೆ, 230 ವೋಲ್ಟು ಬರಬೇಕಾದ ಮನೆಗೆ ಎರಡು ಫೇಸುಗಳ ನಡುವಣ 400 ವೋಲ್ಟಿನ ಸಮೀಪದ ಒತ್ತಡ ನುಗ್ಗಿ, ಒಂದೇ ಓಣಿಯ ಹತ್ತಾರು ಮನೆಗಳಲ್ಲಿ ಒಂದೇ ಗಳಿಗೆಯಲ್ಲಿ ಟಿ.ವಿ.ಗಳು ಸತ್ತುಹೋಗುತ್ತವೆ. ಸತ್ತಂತೆ ಕಾಣುತ್ತವೆ ಎನ್ನುವುದು ಹೆಚ್ಚು ಸರಿ. ಏಕೆಂದರೆ ಒಳ್ಳೆಯ ಸೆಟ್ಟಿನ ಬಾಗಿಲಲ್ಲಿಯೇ ನಿಂತಿರುವ ವೆರಿಸ್ಟರ್ ಎಂಬ ನಾಣ್ಯದಾಕಾರದ ಬಿಲ್ಲೆಯು ಆ ಏಟನ್ನು ತಾನು ತಿಂದು, ಫ್ಯೂಜನ್ನು ಹಾರಿಸಿ, ಒಳಗಿನವರನ್ನು ಕಾಪಾಡಿರುವ ಸಂಭವವುಂಟು. ಆ ಬಿಲ್ಲೆ, ಆ ಫ್ಯೂಜು ಬದಲಾದರೆ ಸೆಟ್ಟು ಮತ್ತೆ ಕಣ್ತೆರೆಯುತ್ತದೆ. ಈ ವಿಷಯ ತಿಳಿಯದೆ ಓಣಿಗೆ ಓಣಿಯೇ ಹೊಸ ಟಿ.ವಿ. ಕೊಂಡ ಉದಾಹರಣೆಗಳು ಇಲ್ಲದಿಲ್ಲ. ಸ್ಟೆಬಿಲೈಜರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಟಿ.ವಿ.ಯ ಬೆನ್ನಮೇಲಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಅಚ್ಚಾಗಿದ್ದರೆ, ಸಾಮಾನ್ಯ ಏರಿಳಿತಕ್ಕೆ ಅದಕ್ಕೆ ಸ್ಟೆಬಿಲೈಜರು ಬೇಕಿಲ್ಲ, ಅಂಗಡಿಯವನಿಗೆ ಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಿಂಚಿನ ಸಂಜೆ ಪ್ಲಗ್ಗನ್ನು ಕಿತ್ತಿಡುವ ಅಭ್ಯಾಸ ಮಲೆನಾಡಿನವರಿಗೆಲ್ಲ ಉಂಟು. ಡಿಶ್‌ನಿಂದ ಇಳಿದುಬಂದ ಕೇಬಲ್ಲನ್ನೂ ಕಿತ್ತಿಡಬೇಕೆಂಬುದು ಮಾತ್ರ ಕೆಲವರಿಗೆ ಮರೆತುಹೋಗುತ್ತದೆ. ಮಿಂಚಿಗೆ ಎರಡು ಬಾಗಿಲೂ ಒಂದೇ. ಇನ್ನು ಜಡಿಮಳೆಯಲ್ಲಿ 'ಸಿಗ್ನಲ್ ಇಲ್ಲ' ಎಂದು ಪರದೆ ಬರಿದಾದರೆ ಯಾರನ್ನೂ ಕರೆಯಬೇಕಾದುದಿಲ್ಲ. ಡಿಶ್‌ಗೆ ಬರುವ ತರಂಗಗಳನ್ನು ಮಳೆಹನಿಗಳೇ ಹೀರಿಕೊಳ್ಳುತ್ತಿರುತ್ತವೆ. ಮಳೆ ನಿಂತ ಮೇಲೆ ಅದು ತಾನಾಗಿ ವಾಸಿಯಾಗುತ್ತದೆ.

ಈಗ 'ಪ್ಯಾನೆಲ್ ಹೋಗಿದೆ' ಎಂಬ ಆ ತೀರ್ಪಿನ ವಿಚಾರ. ಎಲ್‌ಇಡಿ ಟಿ.ವಿ.ಯೆಂದು ನಾವು ಕರೆಯುವ ಪೆಟ್ಟಿಗೆಯಲ್ಲಿ ಚಿತ್ರವನ್ನು ರೂಪಿಸುವುದು ಮುಂದಿನ ದ್ರವಸ್ಫಟಿಕದ ಗಾಜು. ಆ ಗಾಜಿಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಪಟ್ಟಿಗಳ ಮೇಲೆ ಸಾಲಾಗಿ ಕೂರಿಸಿದ ಚಿಕ್ಕಚಿಕ್ಕ ಎಲ್‌ಇಡಿ ದೀಪಗಳ ಬೆಳಕೇ ಚಿತ್ರದ ಮೂಲಕ ಹಾಯ್ದು ನಮ್ಮ ಕಣ್ಣಿಗೆ ಬರುವುದು. ಆ ದೀಪಗಳನ್ನು ಒಂದರ ಕೊನೆಗೆ ಒಂದರಂತೆ ಸರಣಿಯಾಗಿ ಜೋಡಿಸಿರುವುದರಿಂದ, ಅವುಗಳಲ್ಲಿ ಒಂದು ಸುಟ್ಟು ಕಡಿದುಹೋದರೂ ಇಡೀ ಸಾಲು ಆರಿಹೋಗುತ್ತದೆ. ಅನೇಕ ಸೆಟ್ಟುಗಳಲ್ಲಿ ಸಾಲೊಂದು ಆರಿತೆಂದರೆ ರಕ್ಷಣಾ ಸರ್ಕೀಟು ಉಳಿದುದನ್ನೂ ಆರಿಸಿಬಿಡುತ್ತದೆ. ಆಗ ಧ್ವನಿ ಬರುತ್ತಿರುತ್ತದೆ, ವಾರ್ತೆ ಓದುವವರ ಕಂಠ ಸ್ಪಷ್ಟವಾಗಿ ಕೇಳುತ್ತಿರುತ್ತದೆ, ಪರದೆ ಮಾತ್ರ ಅಮಾವಾಸ್ಯೆ. ಇದನ್ನು ಪರೀಕ್ಷಿಸುವ ಉಪಾಯವು ಮಕ್ಕಳಾಟದಷ್ಟು ಸುಲಭ: ಕೋಣೆಯ ದೀಪಗಳನ್ನಾರಿಸಿ, ಟಾರ್ಚಿನ ಬೆಳಕನ್ನು ಪರದೆಯ ಹತ್ತಿರ ತಂದು ಓರೆಯಾಗಿ ಬಿಟ್ಟುನೋಡಬೇಕು. ಬೆಳಕು ಬಿದ್ದೆಡೆಯಲ್ಲಿ ಆಕೃತಿಗಳು ಮಸುಕಾಗಿ ಚಲಿಸುವುದು ಕಂಡರೆ ಗಾಜು ಬದುಕಿದೆ, ಚಿತ್ರ ಮೂಡುತ್ತಿದೆ, ಹಿಂದಿನ ದೀಪವೊಂದೇ ಆರಿದೆಯೆಂದು ನಿಶ್ಚಯಿಸಬಹುದು. ದೀಪದ ಪಟ್ಟಿಗಳ ಬೆಲೆಗೂ ಪ್ಯಾನೆಲ್ಲಿನ ಬೆಲೆಗೂ ಅಜಗಜಾಂತರ. ಅದನ್ನು ಬದಲಿಸುವ ಕೆಲಸ ಮಾತ್ರ ಸುಲಭವೆಂದು ನಾನು ಹೇಳುವುದಿಲ್ಲ. ಹಪ್ಪಳದಷ್ಟು ತೆಳುವಾದ ಗಾಜನ್ನು ಇಬ್ಬರು ಸೇರಿ ನಾಲ್ಕೂ ಅಂಚುಗಳಿಗೆ ಸಮನಾಗಿ ಆಧಾರಕೊಟ್ಟು ಎತ್ತಬೇಕು, ಅಂಚಿನ ತೆಳುಪಟ್ಟಿಗಳಿಗೆ ಯತ್ಕಿಂಚಿತ್ತೂ ಘಾಸಿಯಾಗಕೂಡದು. ಆದರೆ ಅದು ಅಭ್ಯಾಸದಿಂದ ಬರತಕ್ಕ ಕೈಚಳಕ. ನಮ್ಮ ಪೇಟೆಗಳ ಮೆಕ್ಯಾನಿಕರು ಅದನ್ನು ಕಲಿತಿದ್ದಾರೆ. ಈ ದೀಪಗಳು ಅಷ್ಟು ಬೇಗ ಸಾಯುವುದಕ್ಕೆ ಇನ್ನೊಂದು ಕಾರಣವೂ ಉಂಟು: ಅಂಗಡಿಯ ಸಾಲಿನಲ್ಲಿ ಪಕ್ಕದ ಸೆಟ್ಟಿಗಿಂತ ಝಗಝಗಿಸಲೆಂದು ಹೊಳಪನ್ನು ಮೇಲಿನ ಮಟ್ಟಕ್ಕಿಟ್ಟ ಸ್ಥಿತಿಯಲ್ಲಿಯೇ ಅನೇಕರು ಮನೆಯಲ್ಲಿಯೂ ವರ್ಷಗಟ್ಟಲೆ ನೋಡುತ್ತಾರೆ. ಸೆಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟನ್ನು ಸ್ವಲ್ಪ ತಗ್ಗಿಸಿದರೆ ದೀಪವೂ ಹೆಚ್ಚು ಕಾಲ ಬಾಳುತ್ತದೆ, ಕಣ್ಣಿಗೂ ಹಿತ. ಇದನ್ನು ಮಾರುವವನು ಹೇಳುವುದಿಲ್ಲ; ಹೇಳಬೇಕೆಂದು ನಾವೂ ಅವನನ್ನು ಕೇಳುವುದಿಲ್ಲ.

ರಿಮೋಟು ಕೆಲಸ ಮಾಡುತ್ತಿದೆಯೊ ಇಲ್ಲವೊ ನೋಡಬೇಕಾದರೆ ಮೊಬೈಲಿನ ಮುಂದಿನ ಕ್ಯಾಮೆರಾದೆದುರು ಹಿಡಿದು ಗುಂಡಿಯೊತ್ತಿದರೆ ಸಾಕು. ಕಣ್ಣಿಗೆ ಕಾಣದ ಅವಕೆಂಪು ಕಿರಣವು ಕ್ಯಾಮೆರಾಕ್ಕೆ ಮಸುಕಾದ ನೇರಳೆಯ ಮಿಣುಕಾಗಿ ಕಾಣುತ್ತದೆ.

ಕಂಪ್ಯೂಟರಿನ ಕಥೆಯೂ ಇದೇ. ಅದರ ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿಯೊಂದು ಕುಳಿತಿರುತ್ತದೆ. ಕಂಪ್ಯೂಟರು ಆರಿರುವಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ವರ್ಷಗಳು ಕಳೆದು ಅದು ಬತ್ತಿದಾಗ, ಕಂಪ್ಯೂಟರು ಪ್ರತಿ ಬೆಳಗ್ಗೆಯೂ ಯಾವುದೋ ಹಳೆಯ ಇಸವಿಯಲ್ಲಿ ಎಚ್ಚರಗೊಳ್ಳುತ್ತದೆ. ಬ್ಯಾಂಕಿನ ಜಾಲತಾಣವನ್ನು ತೆರೆಯಹೋದರೆ, ಆ ತಾಣದ ಭದ್ರತಾಪತ್ರಕ್ಕೆ ಇನ್ನೂ ಸಿಂಧುತ್ವವೇ ಬಂದಿಲ್ಲವೆಂದು ಬಗೆದು ಬ್ರೌಸರು ಬಾಗಿಲು ಮುಚ್ಚುತ್ತದೆ. ಮನೆಯವರು ವೈರಸ್ ಬಂದಿದೆಯೆಂದು ಹೆದರಿ, ಮಗನಿಗೊ ಮೊಮ್ಮಗಳಿಗೊ ಅಮೆರಿಕಕ್ಕೆ ಫೋನು ಮಾಡಿ, ಕೊನೆಗೆ ಎಲ್ಲವನ್ನೂ ಅಳಿಸಿ ಮತ್ತೆ ತುಂಬಿಸುವ ತನಕ ವ್ಯವಹಾರ ಮುಂದುವರಿಯುತ್ತದೆ. ಪರದೆಯ ಮೂಲೆಯ ದಿನಾಂಕವನ್ನೊಮ್ಮೆ ನೋಡಿದ್ದರೆ ಸಾಕಾಗಿತ್ತು. ಹಚ್ಚಿದರೆ ಬೀಪ್ ಬೀಪ್ ಎಂದು ಅರಚಿ ಮುಂದೆ ಹೋಗದ ಕಂಪ್ಯೂಟರಿನ ರ್‍ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ಚಿಕಿತ್ಸೆಯನ್ನು ನಮ್ಮ ಮೆಕ್ಯಾನಿಕರೆಲ್ಲ ಬಲ್ಲರು. ಮಲೆನಾಡಿನ ತೇವದಲ್ಲಿ ಆ ಅಂಚಿಗೆ ಹಿಡಿಯುವ ತೆಳುಪೊರೆಯೇ ಅಲ್ಲಿನ ಅಪರಾಧಿ. ನಿಧಾನವಾದ ಹಳೆಯ ಕಂಪ್ಯೂಟರಿಗೆ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಅದು ಮತ್ತೆ ಯೌವನ ಪಡೆದಂತೆ ಓಡುತ್ತದೆ. 'ಆಫ್ ಮಾಡಿ ಆನ್ ಮಾಡಿ' ಎಂಬ ಉಪದೇಶವನ್ನು ನಾವು ಹಾಸ್ಯ ಮಾಡುತ್ತೇವಾದರೂ ಅದರಲ್ಲಿ ಅರ್ಥವಿದೆ: ದಿನಗಟ್ಟಲೆ ಓಡುತ್ತಿರುವ ರೌಟರಿನ ತಂತ್ರಾಂಶವು ಸ್ಮೃತಿಯಲ್ಲಿ ಕಸವನ್ನು ಕೂಡಿಹಾಕಿಕೊಂಡು ತಬ್ಬಿಬ್ಬಾಗುವುದುಂಟು, ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟರೆ ಒಳಗೆ ಉಳಿದ ವಿದ್ಯುತ್ತೂ ಇಳಿದು, ಸ್ಮೃತಿ ಬರಿದಾಗಿ, ಅದು ಮೊದಲಿನಿಂದ ಆರಂಭಿಸುತ್ತದೆ.

ಇಲ್ಲಿ ತಯಾರಕರ ಪರವಾಗಿ ಹೇಳತಕ್ಕ ಮಾತೊಂದುಂಟು, ಅದನ್ನು ಅಲಕ್ಷಿಸುವುದು ನ್ಯಾಯವಲ್ಲ. ಮುಚ್ಚಳ ತೆರೆದರೆ ಅಪಾಯವಿದೆಯೆನ್ನುತ್ತಾರೆ, ಇದೆ. ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರಿನಲ್ಲಿ, ಪ್ಲಗ್ ಕಿತ್ತ ಮೇಲೆಯೂ, ಮುನ್ನೂರು ವೋಲ್ಟಿಗೆ ಮೀರಿದ ವಿದ್ಯುತ್ತು ಕೆಲಕಾಲ ನಿಂತಿರಬಲ್ಲುದು. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಗೆ ಚೂಪಾದ ಸ್ಕ್ರೂಡ್ರೈವರ್ ತಗುಲಿದರೆ ಬೆಂಕಿ ಹತ್ತುತ್ತದೆ. ತಿಳಿಯದವರು ಅವೆರಡನ್ನೂ ಮುಟ್ಟಕೂಡದು. ಆದರೆ ಅಪಾಯವಿದೆಯೆಂಬುದು ತಿಳಿವಳಿಕೆಯನ್ನು ಕೊಡುವುದಕ್ಕೆ ಕಾರಣವಾಗಬೇಕೆ ಹೊರತು ಮುಚ್ಚಿಡುವುದಕ್ಕಲ್ಲ. ಹಿಂದಿನ ಪಿಕ್ಚರ್ ಟ್ಯೂಬಿನ ಸೆಟ್ಟಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿರುತ್ತಿತ್ತು. ಅದರ ನಕ್ಷೆಯನ್ನು ಬಹಿರಂಗವಾಗಿ ಕೊಡುತ್ತಿದ್ದವರಿಗೆ ಇಂದಿನ ಸಣ್ಣ ಪೆಟ್ಟಿಗೆಯ ನಕ್ಷೆ ಕೊಡಲು ಜನರ ಪ್ರಾಣದ ಚಿಂತೆ ಅಡ್ಡಬರುವುದಾದರೆ, ಆ ಚಿಂತೆಯ ಪ್ರಾಮಾಣಿಕತೆಯನ್ನು ಸಂದೇಹಿಸಲೇಬೇಕಾಗುತ್ತದೆ. ಹೊಸ ಸೆಟ್ಟುಗಳು ಅಗ್ಗವಾಗಿವೆ, ಕ್ಲಾರ್ಕನೊಬ್ಬನು ಹಲವು ತಿಂಗಳ ಸಂಬಳವನ್ನು ಸುರಿದು ಕೊಳ್ಳಬೇಕಾಗಿದ್ದ ಬಣ್ಣದ ಟಿ.ವಿ. ಇಂದು ಬಡವನಿಗೂ ಎಟುಕುತ್ತದೆ ಎಂಬ ಎರಡನೆಯ ವಾದವು ಇದಕ್ಕಿಂತ ಬಲವಾದುದು. ಆದರೆ ಆ ಅಗ್ಗದ ಸೆಟ್ಟು ಕೆಟ್ಟಾಗ ಬಡವನೇ ಮತ್ತೊಮ್ಮೆ ಸಾಲ ಮಾಡುತ್ತಾನೆ. ಹಳೆಯದರ ಸೀಸ, ಪ್ಲಾಸ್ಟಿಕ್ಕುಗಳು ಯಾರ ಊರಿನ ಹೊರಗೆ ರಾಶಿಬೀಳುತ್ತವೆಂಬ ಲೆಕ್ಕ ಆ ಬೆಲೆಚೀಟಿಯಲ್ಲಿ ಸೇರಿರುವುದಿಲ್ಲ.

ಬೆಂಗಳೂರಿನ ಪುರಭವನದ ಸಮೀಪದ ಎಸ್.ಪಿ. ರಸ್ತೆಗೆ ಹೋಗಿನೋಡಿದರೆ, ಕಂಪನಿಗಳು ಅಸಾಧ್ಯವೆಂದುದನ್ನೆಲ್ಲ ಸಾಧ್ಯವೆಂದು ತೋರಿಸುವ ಒಂದು ಇಡೀ ಸಮಾಜವೇ ಕಾಣುತ್ತದೆ. ಗಾಜು ಒಡೆದು ಮೂಲೆಗೆ ಬಿದ್ದ ಸೆಟ್ಟಿನ ಬೋರ್ಡನ್ನು, ಬೋರ್ಡು ಸುಟ್ಟ ಸೆಟ್ಟಿನ ಗಾಜಿಗೆ ಕೂಡಿಸುವರು. ಮೂಲ ಬೋರ್ಡು ಸಿಗದಿದ್ದರೆ ಯೂನಿವರ್ಸಲ್ ಬೋರ್ಡೊಂದನ್ನು ಹಾಕಿ ಚಿತ್ರ ತರಿಸುವರು. ಆ ಗಲ್ಲಿಗಳಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರೆಂದು ನಾನು ಹೇಳಹೊರಟಿಲ್ಲ. ಹಳೆಯ ಬಿಡಿಭಾಗವನ್ನು ಹೊಸದೆಂದು ಕೊಡುವವರೂ, ಕೆಡದ ಐಸಿಯನ್ನು ಬದಲಿಸಿದೆನೆನ್ನುವವರೂ ಉಂಟು. ಆದರೆ ಆ ಮೋಸಕ್ಕೂ ಮೂಲ ಒಂದೇ: ಮೂಲ ಬಿಡಿಭಾಗವು ನಿಶ್ಚಿತ ಬೆಲೆಗೆ ಬಹಿರಂಗವಾಗಿ ದೊರೆಯುವಂತಿದ್ದರೆ, ನಕಲಿಯನ್ನು ಮಾರುವವನಿಗೆ ಗಿರಾಕಿಯೇ ಇರುತ್ತಿರಲಿಲ್ಲ.

ಬೇರೆ ದೇಶಗಳು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಟಿ.ವಿ. ತಯಾರಕರು ಒಂದು ಮಾದರಿಯ ಕೊನೆಯ ಸೆಟ್ಟನ್ನು ಮಾರುಕಟ್ಟೆಗೆ ಬಿಟ್ಟ ಮೇಲೆಯೂ ಏಳು ವರ್ಷಗಳವರೆಗೆ ಒಳಗಿನ ಪವರ್ ಸಪ್ಲೈ, ಕನೆಕ್ಟರು, ಕೆಪ್ಯಾಸಿಟರುಗಳನ್ನು ವೃತ್ತಿನಿರತ ದುರಸ್ತಿಗಾರರಿಗೆ ಒದಗಿಸಬೇಕು. ತಂತ್ರಾಂಶದ ಪರಿಷ್ಕರಣವನ್ನು ಎಂಟು ವರ್ಷಗಳವರೆಗೆ ಲಭ್ಯವಾಗಿಸಬೇಕು. ಫ್ರಾನ್ಸ್ ದೇಶವು ಅದೇ ವರ್ಷದ ಜನವರಿಯಿಂದ, ಟಿ.ವಿ., ಲ್ಯಾಪ್‌ಟಾಪುಗಳ ಬೆಲೆಯ ಪಕ್ಕದಲ್ಲಿಯೇ ಅವು ಎಷ್ಟರಮಟ್ಟಿಗೆ ದುರಸ್ತಿಗೊಳಪಡತಕ್ಕವೆಂಬುದನ್ನು ಹತ್ತಕ್ಕೆ ಇಂತಿಷ್ಟೆಂದು ಅಂಕವಾಗಿ ಪ್ರದರ್ಶಿಸುವುದನ್ನು ಕಡ್ಡಾಯ ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದ ಸಂದರ್ಭದಲ್ಲಿ, 'ರೈಟ್ ಟು ರಿಪೇರ್' ಜಾಲತಾಣವೊಂದನ್ನು ತೆರೆದು, ಕೃಷಿಯಂತ್ರ, ಮೊಬೈಲ್ ಹಾಗೂ ಎಲೆಕ್ಟ್ರಾನಿಕ್ಸ್, ಗೃಹೋಪಕರಣ, ವಾಹನ ಎಂಬ ನಾಲ್ಕು ವಿಭಾಗಗಳಲ್ಲಿ ತಯಾರಕರು ದುರಸ್ತಿಯ ವಿವರಗಳನ್ನು ಪ್ರಕಟಿಸಲೆಂದು ಆಹ್ವಾನಿಸಿದೆ. ಆಹ್ವಾನವು ಒಳ್ಳೆಯದೇ, ಆದರೆ ಬಾರದವರಿಗೆ ದಂಡವಿಲ್ಲದ ಆಹ್ವಾನವನ್ನು ಶಾಸನವೆನ್ನಲಾಗದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಹಳೆಯ ಪೆಟ್ಟಿಗೆಯನ್ನು ಪುಡಿಮಾಡಿ ಲೋಹ ತೆಗೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ಪುಡಿಯಾಗುವ ಮುನ್ನ ಅದು ಇನ್ನೂ ಐದು ವರ್ಷ ಬಾಳುವಂತೆ ಮಾಡುವ ಹೊಣೆಯ ಕಡೆಗೆ ಅವುಗಳ ದೃಷ್ಟಿ ಅಷ್ಟಾಗಿ ಹರಿದಿಲ್ಲ.

ಯಂತ್ರವು ಗಟ್ಟಿಮುಟ್ಟಾಗಿದ್ದರೂ ತಂತ್ರಾಂಶದ ಅಪ್ಪಣೆಯಿಂದ ಅದನ್ನು ನಿವೃತ್ತಿಗೊಳಿಸುವ ಹೊಸ ಪದ್ಧತಿಯೊಂದು ಈಚೆಗೆ ಬಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣದ ಸಾಮಾನ್ಯ ಬೆಂಬಲವು ಮುಗಿಯಿತು. ಮುಂದಿನ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುವುದರಿಂದ, ಪತ್ರ ಬರೆಯಲು, ಪಹಣಿ ನೋಡಲು, ಮಕ್ಕಳಿಗೆ ಪಾಠ ಹೇಳಿಕೊಡಲು ಯಥೇಷ್ಟವಾಗಿ ಸಾಲುವ ಅಸಂಖ್ಯ ಕಂಪ್ಯೂಟರುಗಳು ಒಂದೇ ದಿನದಲ್ಲಿ ಹಳೆಯವಾದವು. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಅವುಗಳಿಗೆ ಹಾಕಿಕೊಂಡರೆ ಇನ್ನೂ ಹಲವು ವರ್ಷ ನಿರಾತಂಕವಾಗಿ ದುಡಿಯುತ್ತವೆ. ಕನ್ನಡದ ಟೈಪಿಂಗಿಗೂ ಅಲ್ಲಿ ಕೊರತೆಯಿಲ್ಲ.

ರಾಜ್ಯ ಸರ್ಕಾರವು ಕೇಂದ್ರದ ಶಾಸನಕ್ಕಾಗಿ ಕಾಯಬೇಕಾಗಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಟಿ.ವಿ., ಕಂಪ್ಯೂಟರುಗಳ ಅತಿ ದೊಡ್ಡ ಗಿರಾಕಿಗಳಲ್ಲಿ ಸರ್ಕಾರವೇ ಒಂದು. ಸರ್ಕಾರಿ ಶಾಲೆಗಳ ಸ್ಮಾರ್ಟ್ ತರಗತಿಗಳಿಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ, ತಾಲ್ಲೂಕು ಕಚೇರಿಗಳಿಗೆ ಪೆಟ್ಟಿಗೆಗಳನ್ನು ಕೊಳ್ಳುವಾಗ, ಬೆಲೆ ಕಡಿಮೆಯಿರಬೇಕೆಂಬ ಷರತ್ತಿನ ಜೊತೆಗೆ, ಪ್ರತಿ ಮಾದರಿಯ ಸರ್ಕೀಟ್ ನಕ್ಷೆಯನ್ನೂ ಸರ್ವಿಸ್ ಪುಸ್ತಿಕೆಯನ್ನೂ ಬಹಿರಂಗವಾಗಿ ಒಪ್ಪಿಸಬೇಕು, ಏಳು ವರ್ಷಗಳವರೆಗೆ ಬಿಡಿಭಾಗಗಳನ್ನು ಪ್ರಕಟಿತ ಬೆಲೆಗೆ ಯಾವ ಮೆಕ್ಯಾನಿಕನಿಗಾದರೂ ಮಾರಬೇಕು ಎಂಬ ಎರಡು ಸಾಲುಗಳನ್ನು ಟೆಂಡರಿನಲ್ಲಿ ಬರೆದರಾಯಿತು. ಅಷ್ಟು ದೊಡ್ಡ ವ್ಯಾಪಾರವನ್ನು ಆ ಎರಡು ಸಾಲುಗಳಿಗಾಗಿ ಬಿಟ್ಟುಕೊಡುವ ಕಂಪನಿ ಅಪರೂಪ. ಹೀಗೆ ಬಂದ ನಕ್ಷೆಗಳನ್ನು ಜಿಲ್ಲೆಯ ಐ.ಟಿ.ಐ.ಗಳಿಗೆ ಕೊಟ್ಟರೆ, ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರು ಪಠ್ಯದ ಹಳೆಯ ಚಿತ್ರಗಳ ಬದಲು ತಮ್ಮೂರಿನ ಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ ಪೆಟ್ಟಿಗೆಯನ್ನೇ ಬಿಚ್ಚಿ ಕಲಿಯಬಹುದು. ಮುಂದಿನ ಶೈಕ್ಷಣಿಕ ವರ್ಷದ ಖರೀದಿಯ ಕಡತಗಳು ಇನ್ನೂ ಸಹಿಯಾಗಿಲ್ಲದಿದ್ದರೆ, ಆ ಎರಡು ಸಾಲುಗಳನ್ನು ಸೇರಿಸುವುದಕ್ಕೆ ಈಗಲೂ ಕಾಲ ಮೀರಿಲ್ಲ.